ನೀರಿನ ಗಡ್ಡೆಗೊಂದು ಕುಬಸ

ನನಗೆ ಒಮ್ಮೆ ಬಸುರಿಯರಿಗೆ ಮಾಡುವ ಕುಬಸ ಮಾಡಿದ್ದಾರೆ. ಹಸಿರು ಖಣ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಯಾವುದಕ್ಕೂ ಕೊರತೆ ಇರಲಿಲ್ಲ. ಹೊಟ್ಟೆಯಲ್ಲಿ ಕೂಸು ಮಾತ್ರ ಇರಲಿಲ್ಲ. ಅಲ್ಲಿದ್ದದ್ದು ನೀರು ತುಂಬಿದ ಗಡ್ಡೆ. ಅದು ಬಂದದ್ದು ನಾಯಿಯಿಂದ.

ಈಗ ಇದನ್ನು ನಗುತ್ತಲೇ ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಇದು ನನ್ನ ಮೇಲೆ ನಡೆಯುತ್ತಿದ್ದಾಗ ನಗು ಬಂದಿರಲಿಲ್ಲ. ಮೊನ್ನೆ ನಮ್ಮ ಓಣಿಯ ಸೊಸೆಯೊಬ್ಬಳಿಗೆ ಡಾಕ್ಟರು ಇದೇ ಗಡ್ಡೆ ಎಂದು ಹೇಳಿ ಕಳಿಸಿದ್ದಾರೆ. ಆಕೆ ಅಂದಿನಿಂದ ಮೂಲೆ ಹಿಡಿದು ಕೂತಿದ್ದಾಳೆ. ಆಕೆಯ ಮಾವ ಮನೆಯ ನಾಯಿಯನ್ನು ಬಡಿದು ಓಡಿಸಿದ್ದಾನೆ. ಎರಡೂ ಸುದ್ದಿ ಕೇಳಿ ನನಗೆ ಸುಮ್ಮನಿರಲು ಆಗಲಿಲ್ಲ. ಹೊಟ್ಟೆ ಕೊಯ್ಯಿಸಿಕೊಂಡ ಮೇಲೂ ಇಷ್ಟು ವರ್ಷ ರೊಟ್ಟಿ ಬಡಿಯುತ್ತಾ ಬದುಕಿರುವವಳು ಪಕ್ಕದ ಮನೆಯಲ್ಲೇ ಇದ್ದಾಳೆ ಎಂದು ಆಕೆಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವಳು ನಾನು. ತಪ್ಪು ಕಂಡರೆ ನನಗೆ ಕಲಿಸಿದ ಮಾಸ್ತರರನ್ನು ಬೈಯಿರಿ.

ನನ್ನ ತವರು ಕಿತ್ತೂರಿನ ಹತ್ತಿರದ ದೇಗಾಂವ. ಕೊಟ್ಟದ್ದು ನೇಸರಗಿಗೆ, ಒಕ್ಕಲುತನದ ಮನೆಗೆ. ಮನೆಯಲ್ಲಿ ಅತ್ತೆ ನೀಲವ್ವ, ನನ್ನ ಗಂಡ, ಮೈದುನ ಈರಪ್ಪ, ನಾನು. ಮಾವ ತೀರಿಕೊಂಡಿದ್ದರು. ಇನ್ನೊಬ್ಬನನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ, ಅವನು ಮೋತಿ, ನಮ್ಮ ನಾಯಿ. ನಾನು ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತರೆ ಅವನು ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ. ಮೊದಲ ರೊಟ್ಟಿ ಅವನದು. ಅದನ್ನು ನಾನು ಕೈಯಿಂದಲೇ ತಿನ್ನಿಸಿ, ಆ ಕೈಯನ್ನು ಸೆರಗಿಗೆ ಒರೆಸಿ, ಮತ್ತೆ ಹಿಟ್ಟಿಗೆ ಹಾಕುತ್ತಿದ್ದೆ. ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಮನೆಯ ಮಗನ ಎಂಜಲು ಎಂಜಲೇ?

ಮೋತಿಗೆ ಏನಾದರೂ ಆದರೆ ಅತ್ತೆಯ ಹತ್ತಿರ ಒಂದೇ ಮದ್ದು. ಅವನು ಹುಲ್ಲು ತಿಂದು ಕಾರಿಕೊಂಡರೆ ದೃಷ್ಟಿ. ಹಿಂಭಾಗ ನೆಲಕ್ಕೆ ಉಜ್ಜುತ್ತಾ ಹೋದರೆ ದೃಷ್ಟಿ. ಸಂಜೆ ಮುಖ ಎತ್ತಿ ಊಳಿಟ್ಟರೆ ಯಾರದೋ ಕೆಟ್ಟ ದೃಷ್ಟಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ನಾವೆಲ್ಲ ಕೆಮ್ಮುತ್ತಿದ್ದೆವು. ಮೋತಿ ಬಾಲ ಆಡಿಸುತ್ತಿದ್ದ. ನಾಯಿಯ ಹೊಟ್ಟೆಯಲ್ಲೂ ಹುಳುಗಳಿರುತ್ತವೆ, ಅದಕ್ಕೂ ಔಷಧ ಇದೆ ಎನ್ನುವುದು ನಮಗೆ ಯಾರಿಗೆ ಗೊತ್ತಿತ್ತು?

ಮದುವೆಯಾಗಿ ಕೆಲವು ವರ್ಷ ಕಳೆದರೂ ನನ್ನ ಮಡಿಲು ತುಂಬಿರಲಿಲ್ಲ. ಅತ್ತೆ ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಆದರೆ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಹೋಗಿ ಬಂದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಓಣಿಯಲ್ಲಿ ಮಕ್ಕಳಾಗದ ಕಾರಣಕ್ಕೆ ತವರಿಗೆ ಹೋಗಿ ಅಲ್ಲೇ ಉಳಿದುಬಿಟ್ಟ ಹೆಂಗಸೊಬ್ಬಳಿದ್ದಳು. ಆಕೆಯ ಜಾಗಕ್ಕೆ ಇನ್ನೊಬ್ಬಳು ಬಂದು ಆಕೆಯದೇ ಬೀಸುಕಲ್ಲು ತಿರುಗಿಸುತ್ತಿದ್ದಳು. ಅದನ್ನು ನಾನು ದಿನವೂ ನೋಡುತ್ತಿದ್ದೆ.

ಹೀಗಿರುವಾಗ ನನಗೆ ರೊಟ್ಟಿಯ ವಾಸನೆ ಬೇಡವಾಯಿತು. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತೆ. ಬೆಳಿಗ್ಗೆ ವಾಕರಿಕೆ. ತಿಂಗಳು ತಪ್ಪಿತು, ಮತ್ತೂ ತಪ್ಪಿತು. ಹೊಟ್ಟೆ ಮೆಲ್ಲಗೆ ಮುಂದೆ ಬಂತು. ಅತ್ತೆಗೆ ಹೇಳುವುದೇ ಬೇಕಾಗಲಿಲ್ಲ. ಸೂಲಗಿತ್ತಿ ದ್ಯಾಮವ್ವನನ್ನು ಕರೆಸಿದರು. ನಮ್ಮ ಊರಿನ ಅರ್ಧ ಮಂದಿ ಆಕೆಯ ಕೈಯಲ್ಲಿ ಹುಟ್ಟಿದವರು. ದ್ಯಾಮವ್ವ ನನ್ನನ್ನು ಕಂಬಳಿಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈ ಆಡಿಸಿದಳು. ಬಲಗಡೆ, ಪಕ್ಕೆಲುಬಿನ ಕೆಳಗೆ, ಆಕೆಯ ಕೈ ನಿಂತಿತು.

"ಐತಿ. ಬಲಕ್ಕ ಕುಂತೈತಿ. ಬಲಕ್ಕಿದ್ರ ಗಂಡ ನೋಡ ನೀಲವ್ವ."

ಬಲಕ್ಕಿದ್ದರೆ ಗಂಡು, ಎಡಕ್ಕಿದ್ದರೆ ಹೆಣ್ಣು. ನಮ್ಮ ಕಡೆಯ ಈ ಮಾತನ್ನು ಅನುಮಾನಿಸಿದವರಿಲ್ಲ. ಇಷ್ಟು ಮೇಲೆ, ಇಷ್ಟು ಗಟ್ಟಿಯಾಗಿ, ಒಂದೇ ಪಕ್ಕಕ್ಕೆ ಯಾವ ಕೂಸು ಕೂರುತ್ತದೆ ಎಂದು ಯಾರೂ ಕೇಳಲಿಲ್ಲ. ಬೇಕಾದದ್ದು ಸಿಕ್ಕಾಗ ಯಾರು ಲೆಕ್ಕ ಹಾಕುತ್ತಾರೆ? ನಾನೂ ಕೇಳಲಿಲ್ಲ. ಆ ಗಟ್ಟಿ ಜಾಗದ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದೆ, ಮಾತನಾಡಿಸುತ್ತಿದ್ದೆ. ಹೆಸರೂ ಗೊತ್ತು ಮಾಡಿದ್ದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅತ್ತೆ ಕಳ್ಳ ಕುಬಸ ಮಾಡಿದರು. ಊರು ಕರೆದು ಮಾಡುವ ದೊಡ್ಡ ಕುಬಸಕ್ಕೆ ಮೊದಲು, ದೃಷ್ಟಿ ತಾಗದಿರಲಿ ಎಂದು ಮನೆಯವರಷ್ಟೇ ಸೇರಿ ಬಸುರಿಗೆ ಹಸಿರು ಖಣದ ಕುಬಸ ತೊಡಿಸಿ ಉಡಿ ತುಂಬುವುದು ನಮ್ಮ ಪದ್ಧತಿ. ಬಾಗಿಲು ಮುಂದೆ ಮಾಡಿ, ಸದ್ದಿಲ್ಲದೆ ಮಾಡಬೇಕು. ಆದರೆ ಅತ್ತೆಗೆ ಸದ್ದಿಲ್ಲದ ಕೆಲಸ ಗೊತ್ತಿರಲಿಲ್ಲ. ಮರುದಿನ ಬಾವಿಯ ಕಟ್ಟೆಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ದೊಡ್ಡ ಕುಬಸಕ್ಕೆಂದು ಇನ್ನೊಂದು ಹಸಿರು ಖಣವನ್ನೂ, ಸೀರೆಯನ್ನೂ ತಂದು ಪೆಟ್ಟಿಗೆಯಲ್ಲಿಟ್ಟರು. ಬೇಕಾದ ಹೆಂಗಸರಿಗೆಲ್ಲ ಬಾಯಿಮಾತಿನ ಆಮಂತ್ರಣ ಹೋಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಗಾದೆಯಾಗಿ ಉಳಿಯಲಿಲ್ಲ. ಕುಲಾವಿಯನ್ನೂ ಹೊಲಿಸಿದ್ದರು.

ತಿಂಗಳುಗಳು ಕಳೆದವು. ಕೂಸು ಆಡಲಿಲ್ಲ. ಬದಲಿಗೆ ಬಲ ಪಕ್ಕೆಯಲ್ಲಿ ನೋವು ಶುರುವಾಯಿತು, ಆಗಾಗ ಜ್ವರ. ಕೆನ್ನೆ ಒಳಗೆ ಹೋಗಿ ಹೊಟ್ಟೆಯೊಂದೇ ಉಳಿಯಿತು. ಒಂದು ದಿನ ದ್ಯಾಮವ್ವ ಎಣ್ಣೆ ಹಚ್ಚಲು ಬಂದವಳು ಕೈ ಹಿಂದಕ್ಕೆ ತೆಗೆದಳು.

"ನೀಲವ್ವ, ನನ್ನ ಕೈ ಸುಳ್ಳ ಹೇಳಿತವಾ. ಇದು ಕೂಸಲ್ಲ. ಏನಂತ ನನಗ ತಿಳಿವಲ್ದು. ಬೈಲಹೊಂಗಲ ದವಾಖಾನಿಗಿ ಕರಕೊಂಡು ಹೋಗ್ರಿ."

"ನಿನಗ ವಯಸ್ಸಾತು ದ್ಯಾಮವ್ವ. ನಿನ್ನ ಕೈಗೆ ಮಬ್ಬ ಬಂದೈತಿ," ಎಂದು ಅತ್ತೆ ಸಿಟ್ಟಿಗೆದ್ದರು.

"ಬಂದಿರಬೇಕು. ಅದಕ್ಕ ಹೇಳಾಕ ಹತ್ತೇನಿ, ನನ್ನ ಕೈ ನಂಬಬ್ಯಾಡ."

ಊರಿಗೆಲ್ಲ ಸುದ್ದಿ ಮುಟ್ಟಿದ ಮೇಲೆ ತನ್ನ ಮಾತು ತಪ್ಪಾಯಿತು ಎಂದು ಒಪ್ಪುವುದು ಸುಲಭವಲ್ಲ. ಆಕೆ ಸುಮ್ಮನೆ ಎಣ್ಣೆ ಹಚ್ಚಿ, ಒತ್ತಿ ತಿಕ್ಕಿ ಹೋಗಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರೇ ಹೇಳಿದರು. ನಾನು ಕೈಮುಗಿಯಬೇಕಾದವರಲ್ಲಿ ದ್ಯಾಮವ್ವ ಮೊದಲನೆಯವಳು.

ಬೈಲಹೊಂಗಲದ ದವಾಖಾನೆಯಲ್ಲಿ ಕಾಯುವ ಜಾಗವೆಂದರೆ ಒಂದು ಉದ್ದನೆಯ ಪಡಸಾಲೆ, ಗೋಡೆಗೆ ತಾಗಿದ ಕಟ್ಟೆ. ಎದುರಿನ ಗೋಡೆಯ ಮೇಲೆ ಕೆಂಪು ತ್ರಿಕೋನದ ಚಿತ್ರ, ಕೆಳಗೆ ನಗುವ ಗಂಡ ಹೆಂಡತಿ, ಎರಡು ದುಂಡು ಮಕ್ಕಳು. ಎರಡು ಸಾಕು ಎಂದು ಸರಕಾರ ಹೇಳುತ್ತಿತ್ತು. ಒಂದೂ ಇಲ್ಲದವಳಿಗೆ ಅದೇ ಗೋಡೆಯ ಎದುರು ಜಾಗ ಸಿಗಬೇಕೆ? ನಾನು ಆ ಮಕ್ಕಳ ಮುಖ ನೋಡುತ್ತಾ ಕೂತೆ. ಪಕ್ಕದಲ್ಲಿ ಅತ್ತೆ ಹಿಂದೆ ಮುಂದೆ ತೂಗುತ್ತಾ ಕೂತಿದ್ದರು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಹೊಟ್ಟೆಯನ್ನು ಬೆರಳ ತುದಿಯಿಂದ ತಟ್ಟಿ ನೋಡಿದರು. ಎಲ್ಲ ಕೇಳಿದ ಮೇಲೆ ತಲೆ ಎತ್ತಿ, "ತಂಗಿ, ಮನ್ಯಾಗ ನಾಯಿ ಸಾಕೀರೇನು?" ಎಂದರು.

ಅತ್ತೆಗೆ ಎಲ್ಲಿತ್ತೋ ಸಿಟ್ಟು. "ಸಾಹೇಬ್ರ, ನಾವು ಸೊಸಿನ್ನ ತೋರಿಸಾಕ ಬಂದೇವ್ರಿ, ನಾಯಿನ್ನಲ್ಲ."

"ಗೊತ್ತೈತವಾ. ನಾಯಿ ಐತೋ ಇಲ್ಲೋ ಅಷ್ಟ ಹೇಳ್ರಿ."

"ಐತ್ರಿ."

ಆಗ ಅವರು ಸಾವಕಾಶವಾಗಿ ಹೇಳಿದರು. ಇದು ಕೂಸಲ್ಲ. ಪಿತ್ತಕೋಶದ ಹತ್ತಿರ, ಯಕೃತ್ತಿನಲ್ಲಿ ಬೆಳೆದ ನೀರಿನ ಗಡ್ಡೆ ಇರಬಹುದು. ಕುರಿಯ ಕರುಳು ಯಕೃತ್ತು ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಹುಳು ಬೆಳೆಯುತ್ತದೆ, ಅದರ ತತ್ತಿ ನಾಯಿಯ ಮೈಯಿಂದ ನಮ್ಮ ಕೈಗೆ, ಕೈಯಿಂದ ಬಾಯಿಗೆ ಬರುತ್ತದೆ. ಬೆಳಗಾವಿಗೆ ಹೋಗಬೇಕು, ಆಪರೇಷನ್ ಆಗಬೇಕು. ಅಲ್ಲಿಯವರೆಗೆ ಯಾರೂ ಹೊಟ್ಟೆ ಒತ್ತಬಾರದು, ಒಳಗೆ ಒಡೆದರೆ ಕಷ್ಟ.

"ನಮ್ಮ ಮನ್ಯಾಗ ತತ್ತಿ ಸೈತ ಒಡದಿಲ್ರಿ!" ಎಂದರು ಅತ್ತೆ. "ಕುರಿ ಜಡ್ಡು ನಮಗ ಹೆಂಗ ಬರತೈತ್ರಿ?"

"ನೀವು ತಿಂದಿಲ್ಲವಾ. ನಾಯಿ ತಿಂದೈತಿ. ಹೊಲದಾಗ ಕುರಿ ನಿಲ್ಲಸ್ತೀರಿಲ್ಲೋ?"

ನಿಲ್ಲಿಸುತ್ತಿದ್ದೆವು. ಗೊಬ್ಬರಕ್ಕೆಂದು ಪ್ರತಿ ವರ್ಷ ಕುರಿಯವರನ್ನು ಕರೆದು, ಹಿಂಡನ್ನು ಹೊಲದಲ್ಲಿ ಕೂಡಿಸುವುದು ಎಲ್ಲ ಒಕ್ಕಲಿಗರೂ ಮಾಡುವ ಕೆಲಸ. ಸತ್ತ ಕುರಿಯನ್ನು ಅಲ್ಲೇ ಕೊಯ್ದರೆ ಒಳಗಿನದು ನಾಯಿಗಳ ಪಾಲು. ಮನೆಯಲ್ಲಿ ಮಜ್ಜಿಗೆ ರೊಟ್ಟಿ ತಿಂದು ಸಾಧುವಿನಂತೆ ಮಲಗುತ್ತಿದ್ದ ನಮ್ಮ ಮೋತಿ ಹೊಲದಲ್ಲಿ ಏನು ಮಾಡುತ್ತಿದ್ದ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಬೆಳಗಾವಿಯ ಬಸ್ಸು ಹತ್ತಿದೆವು. ನಾನು ಕಿಟಕಿಯ ಪಕ್ಕ, ಅತ್ತೆ ನನ್ನ ಪಕ್ಕ, ಹಿಂದೆ ನಮ್ಮ ಮನೆಯವರು. ದವಾಖಾನೆಯಿಂದ ಹೊರಬಿದ್ದಾಗಿನಿಂದ ಅತ್ತೆ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ರಸ್ತೆಯೋ ರಸ್ತೆಯೇ ಅಲ್ಲ. ಒಂದು ತಗ್ಗಿನಲ್ಲಿ ಬಸ್ಸು ಎತ್ತಿ ಹಾಕಿದಾಗ ಅತ್ತೆಯ ತೋಳು ತಟ್ಟನೆ ನನ್ನ ಹೊಟ್ಟೆಗೂ ಮುಂದಿನ ಸೀಟಿನ ಕಬ್ಬಿಣಕ್ಕೂ ನಡುವೆ ಬಂತು.

"ಸಾವಕಾಶ ಹೊಡಿಯೋ ತಮ್ಮಾ! ಬಸರ ಹೆಣಮಗಳ ಅದಾಳ!" ಎಂದು ಕೂಗಿದರು.

ಡ್ರೈವರ್ ತಿರುಗಿ ನೋಡಿ, "ಆತವಾ," ಎಂದು ಮೆಲ್ಲಗೆ ನಡೆಸಿದ. ಅತ್ತೆಗೆ ತಾವು ಏನು ಅಂದೆವು ಎಂದು ಆಮೇಲೆ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡಿದರು. ತೋಳನ್ನು ಮಾತ್ರ ಬೆಳಗಾವಿ ಬರುವವರೆಗೂ ತೆಗೆಯಲಿಲ್ಲ. ಕಬ್ಬಿಣ ತಾಗಿ ತಾಗಿ ಅದು ಕಂದಿಹೋಗಿತ್ತು.

ನನ್ನನ್ನು ಸೇರಿಸಿದ ಮೇಲೆ ಅತ್ತೆ ಊರಿಗೆ ಹಿಂದಿರುಗಿದರು. ಹತ್ತಿ ಬಿಡಿಸುವ ಕಾಲ, ಮನೆಯಲ್ಲಿ ಎಮ್ಮೆ, ಹೋಗದೆ ಬೇರೆ ದಾರಿ ಇರಲಿಲ್ಲ. ಹೋಗುವಾಗ "ಬರತೇನಿ" ಎಂದರು ಅಷ್ಟೇ. ದೇಗಾಂವದಿಂದ ನನ್ನ ಅವ್ವ ಬಂದು ಜೊತೆಗೆ ನಿಂತಳು. ನಮ್ಮ ಮನೆಯವರು ಆಸ್ಪತ್ರೆಯ ಆವರಣದ ಬೇವಿನ ಮರದ ಕೆಳಗೆ ಬೇರೆ ರೋಗಿಗಳ ಗಂಡಂದಿರ ಜೊತೆ ಠಿಕಾಣಿ ಹೂಡಿದರು.

ಕೋಣೆಯಲ್ಲಿ ನನ್ನ ಪಕ್ಕದ ಮಂಚದವಳು ರಾಮದುರ್ಗದ ಕಸ್ತೂರಿ, ನೇಕಾರರ ಮನೆಯವಳು. ಬೇರೇನೋ ಆಪರೇಷನ್ ಆಗಿ ಎದ್ದು ಓಡಾಡುತ್ತಿದ್ದಳು. ಮೊದಲ ದಿನವೇ ನನ್ನ ತಲೆ ನೋಡಿ, "ಏನವಾ ಇದು, ಗುಬ್ಬಿ ಗೂಡ ಕಟ್ಟೈತಿ," ಎಂದು ಬಾಚಿ ಜಡೆ ಹಾಕಿದಳು. ಮಗ್ಗದ ಎಳೆ ಹಿಡಿದ ಕೈ, ಒಂದು ಕೂದಲೂ ನೋಯಲಿಲ್ಲ. ದಿನಾ ಬೆಳಿಗ್ಗೆ ಅದೊಂದು ಸುಖ ನನಗೆ. ನನ್ನ ಕಾಯಿಲೆಯ ಬಗ್ಗೆ ಆಕೆ ಒಮ್ಮೆಯೂ ಕೇಳಲಿಲ್ಲ. ನೂಲಿನ ಬಣ್ಣ, ಸೀರೆಯ ಅಂಚು, ಗಂಡನ ಗೊರಕೆ, ಇಂಥವೇ ಮಾತು. ಜಡ್ಡಿನವರ ಹತ್ತಿರ ಜಡ್ಡು ಬಿಟ್ಟು ಬೇರೆ ಮಾತಾಡುವವರು ದೇವರು ಕಳಿಸಿದವರು.

ಒಂದು ದಿನ ತೋಳಿಗೆ ಸಣ್ಣ ಸೂಜಿ ಚುಚ್ಚಿ, "ಕಾಯ್ರಿ," ಎಂದರು. ಅದು ದದ್ದಾಗಿ ಎದ್ದರೆ ನಾಯಿಯ ಗಡ್ಡೆಯೇ ಎಂದು ಅರ್ಥವಂತೆ. ನಾನು ತೋಳನ್ನೇ ನೋಡುತ್ತಾ ಕೂತೆ. ಏಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ, ಇನ್ನೂ ಕೂಸೇ ಇರಬಹುದು ಎಂಬ ಹುಚ್ಚು ಆಸೆ. ಅದು ಒಲೆಯ ಮೇಲಿನ ರೊಟ್ಟಿಯ ಹಾಗೆ ಉಬ್ಬಿ ಬಂತು. ಅವತ್ತು ನಾನು ಅತ್ತುಬಿಟ್ಟೆ. ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರನ್ನು ಅವತ್ತೇ ಬಿಟ್ಟುಕೊಟ್ಟೆ.

ಆಪರೇಷನ್ನಿಗೆ ಮೊದಲು ಮೈದುನ ಈರಪ್ಪ ಬಂದಿದ್ದ. ಊರಿನ ಸುದ್ದಿ ಒಂದೊಂದೇ ಹೊರಬಂತು. ಆಪರೇಷನ್ ಎಂದರೆ ಆ ಕಾಲದಲ್ಲಿ ಮಂದಿಗೆ ಗೊತ್ತಿದ್ದದ್ದು ಮಕ್ಕಳಾಗದಂತೆ ಮಾಡುವ ಆಪರೇಷನ್ ಒಂದೇ. ನೀಲವ್ವನ ಸೊಸೆ ಒಂದೂ ಹಡೆಯದೆ ಆಪರೇಷನ್ ಮಾಡಿಸಿಕೊಂಡಳಂತೆ ಎಂದು ಓಣಿಯಲ್ಲಿ ಗುಲ್ಲಾಗಿತ್ತು. ಅತ್ತೆ ಬಾವಿಗೆ ಹೋಗುವುದನ್ನೇ ಬಿಟ್ಟಿದ್ದರು.

"ಮೋತಿ ಹೆಂಗ ಅದಾನು?" ಎಂದು ಕೇಳಿದೆ.

ಈರಪ್ಪ ನೆಲ ನೋಡಿದ. "ಅವನ್ನ ಅವ್ವ ಚಚಡಿಗಿ ಕಳಿಸ್ಯಾಳ ವೈನಿ. ಅಕ್ಕನ ಮನಿಗಿ. 'ಸೊಸಿ ಹೊಟ್ಟಿ ತಿಂದ ನಾಯಿ ನನ್ನ ಕಣ್ಣ ಮುಂದ ಇರಬಾರದು' ಅಂದ್ಲು. ಚಕ್ಕಡಿಗಿ ಕಟ್ಟಿ ಒಯ್ದ್ವಿ. ದಾರಿ ತುಂಬ ಒದರಿದ."

ಅಷ್ಟು ವರ್ಷ ಮಗನಂತೆ ಇದ್ದವನನ್ನು ಒಂದು ಮಾತಿಗೆ ಹೊರಹಾಕಿದರು. ಇವತ್ತು ನಾಯಿ, ನಾಳೆ ನಾನು. ಬರಿ ಹೊಟ್ಟೆಯಲ್ಲಿ, ಅದೂ ಕೊಯ್ದ ಹೊಟ್ಟೆಯಲ್ಲಿ ಹೋದರೆ ಆ ಹೊಸ್ತಿಲು ನನ್ನನ್ನು ಒಳಗೆ ಬಿಡುತ್ತದೆಯೇ? ಸುಳ್ಳು ಹೇಳುವುದಿಲ್ಲ, ನನಗೆ ಚಾಕುವಿನ ಭಯಕ್ಕಿಂತ ಆ ಭಯವೇ ದೊಡ್ಡದಾಗಿತ್ತು. ಸಂಜೆ ನಮ್ಮ ಮನೆಯವರು ಚುರುಮುರಿ ಪೊಟ್ಟಣ ಹಿಡಿದು ಬಂದಾಗ ನೇರವಾಗಿ ಕೇಳಿಬಿಟ್ಟೆ.

"ನನ್ನ ಮ್ಯಾಲ ಇನ್ನೊಬ್ಬಾಕಿನ್ನ ತರತೀರೇನ್ರಿ?"

"ಒಬ್ಬಾಕಿನ್ನ ಸಂಭಾಳ್ಸೋದ ಸಾಕಾಗೇತಿ," ಎಂದರು. ನಾನು ನಗಲಿಲ್ಲ ಎಂದು ನೋಡಿ ಪೊಟ್ಟಣ ಕೆಳಗಿಟ್ಟರು. "ನಾ ತರಂಗಿಲ್ಲ ಶಾಂತಾ. ಅವ್ವ ಏನಂತಾಳ ನನಗ ಗೊತ್ತಿಲ್ಲ. ಆಕಿ ಏನೂ ಅಂದಿಲ್ಲ."

ಸುಳ್ಳು ಸಮಾಧಾನ ಹೇಳದ ಗಂಡ ಸಿಕ್ಕಿದ್ದೂ ಒಂದು ಪುಣ್ಯವೇ. ಆದರೆ ಅವತ್ತು ಆ ಪುಣ್ಯ ಬೇಡವಾಗಿತ್ತು.

ಆಪರೇಷನ್ನಿನ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಮೂಗಿನ ಮೇಲೆ ಮುಚ್ಚಿಗೆ ಹಾಕಿದರು, ಘಾಟು ವಾಸನೆ ಬಂತು, ಆಮೇಲೆ ಬಾಯಾರಿಕೆ. ಕಣ್ಣು ಬಿಟ್ಟಾಗ ಅವ್ವ ತೋಯಿಸಿದ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು. ಪಕ್ಕೆಯಲ್ಲಿ ನಳಿಗೆ, ಮೈಯೆಲ್ಲ ಕೆಂಡ. ಕಸ್ತೂರಿ ತನ್ನ ಮಂಚದಿಂದ, "ಉಳದಿ ಬಿಡ. ಜಡಿ ಮಾತ್ರ ಬಿಚ್ಚೇತಿ," ಎಂದಳು. ನಗಲು ಹೋಗಿ ನೋವಿನಿಂದ ಅತ್ತುಬಿಟ್ಟೆ.

ಎದ್ದು ಕೂರುವಂತಾದಾಗ ದೊಡ್ಡ ಡಾಕ್ಟರು ಬಂದು ಒಂದು ಗಾಜಿನ ಭರಣಿ ತೋರಿಸಿದರು. ಒಳಗೆ ದ್ರಾಕ್ಷಿಯಂಥ ಬಿಳಿ ಗುಳ್ಳೆಗಳು. ಇಷ್ಟು ದಿನ ಇದರ ಜೊತೆಗೇ ನಾನು ಮಾತಾಡಿದ್ದೆನಲ್ಲ ಎಂದು ಮುಖ ತಿರುಗಿಸಿಕೊಂಡೆ.

"ಪೂರ್ತಿ ತಗದೇವಿ. ಇದು ಬಾಳ ಹಳೇದು ತಂಗಿ. ನಿನ್ನ ಲಗ್ನಕ್ಕಿಂತ ಎಷ್ಟೋ ವರ್ಷ ಮೊದಲ ಹೊಟ್ಟಿಗಿ ಸೇರಿದ್ದು. ಸಣ್ಣಾಕಿದ್ದಾಗ ತವರಮನ್ಯಾಗ ನಾಯಿ ಇತ್ತೇನು?"

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಕೆಂಚ ಇದ್ದ. ನಾನು ನಡೆಯಲು ಕಲಿತದ್ದೇ ಅವನ ಬೆನ್ನು ಹಿಡಿದು. ಒಂದು ತುತ್ತು ನನಗೆ, ಒಂದು ತುತ್ತು ಅವನಿಗೆ, ಅದೇ ತಟ್ಟೆ. ನಮ್ಮ ಅಪ್ಪನ ಹೊಲದಲ್ಲೂ ಕುರಿ ಕೂಡಿಸುತ್ತಿದ್ದರು.

ಡಾಕ್ಟರು ಅತ್ತ ಹೋದದ್ದೇ ತಡ, ಅವ್ವ ನನ್ನ ಕೈ ಹಿಡಿದಳು. "ಈ ಮಾತು ನೇಸರಗಿಗಿ ಮುಟ್ಟಬಾರದು ಶಾಂತಾ. ಜಡ್ಡಿನ ಹುಡುಗಿನ್ನ ಗಂಟ ಹಾಕಿದ್ರಿ ಅಂತಾರ. ತಪ್ಪ ನಾಯಿ ಮ್ಯಾಲ ಹೋಗೇತಿ, ಹೋಗಲಿ ಬಿಡು. ಮೂಕ ಜೀವಕ್ಕ ಏನ ತಿಳಿತೈತಿ?"

ಅವ್ವನ ಭಯ ಸುಳ್ಳಾಗಿರಲಿಲ್ಲ. ನಾನು ಹೂಂ ಎಂದೆ.

ಊರಿಗೆ ಹೋಗುವ ದಿನ ಬಂತು. ಕಸ್ತೂರಿ ನನಗಿಂತ ಮೊದಲೇ ಹೋಗಿದ್ದಳು, ಹೋಗುವ ಬೆಳಿಗ್ಗೆಯೂ ನನ್ನ ಜಡೆ ಹಾಕಿಯೇ ಹೋಗಿದ್ದಳು. ನೇಸರಗಿಯ ಬಸ್ ನಿಲ್ದಾಣಕ್ಕೆ ಈರಪ್ಪ ಚಕ್ಕಡಿ ತಂದಿದ್ದ, ತಳಕ್ಕೆ ಹುಲ್ಲು, ಮೇಲೆ ಕೌದಿ. ಅವ್ವನೂ ಜೊತೆಗೆ ಬಂದಳು, ಅತ್ತೆ ನನ್ನನ್ನು ಬೇಡವೆಂದರೆ ತಿರುಗಿ ಕರೆದೊಯ್ಯಲು ಇರಲಿ ಎಂದೇ ಬಂದಳು ಎಂದು ನನಗೆ ಗೊತ್ತಿತ್ತು. ಅದನ್ನು ನಾವಿಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತಂಬಿಗೆ ನೀರು, ರೊಟ್ಟಿಯ ತುಣುಕು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ರೊಟ್ಟಿಯನ್ನು ನನ್ನ ಮುಖಕ್ಕೆ ನಿವಾಳಿಸಿ, ಪಕ್ಕಕ್ಕೆ ಎಸೆದು, ರೂಢಿಯಂತೆ ಕರೆದರು.

"ಮೋತೀ! ಬಾ, ಬಾ!"

ಯಾರೂ ಬರಲಿಲ್ಲ. ರೊಟ್ಟಿ ಅಂಗಳದ ಮಣ್ಣಿನಲ್ಲಿ ಬಿದ್ದೇ ಇತ್ತು. ಅತ್ತೆಯ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿಬಿಟ್ಟೆ.

"ಅತ್ತಿ, ಮೋತಿದೇನೂ ತಪ್ಪಿಲ್ರಿ. ಗಡ್ಡಿ ಈ ಮನ್ಯಾಗಿಂದಲ್ಲ. ನಾ ಸಣ್ಣಾಕಿದ್ದಾಗ ಸೇರಿದ್ದಂತ. ತವರಮನಿಯಿಂದ ನಾನ ತಂದಿದ್ದು."

ಹಿಂದೆ ಅವ್ವ "ಅಯ್ಯ ಶಿವನ" ಎಂದಳು. ನಮ್ಮ ಮನೆಯವರು ಎತ್ತಿನ ಕೊರಳು ನೋಡುತ್ತಾ ನಿಂತರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವ್ವನನ್ನು ನೋಡಿದರು.

"ತವರಿಂದ ಏನೂ ತಂದಿಲ್ಲ ಅಂತ ಇಷ್ಟ ವರ್ಷ ಅಂದೆ," ಎಂದರು. "ಇಷ್ಟ ದೊಡ್ಡದ ತಂದಿದ್ದಿ, ಒಂದ ಮಾತ ಹೇಳಬಾರದಾಗಿತ್ತ?"

ಹಾಗೆಂದು ನಕ್ಕರು. ನಗುತ್ತಾ ನಗುತ್ತಾ ಅಳಲು ಶುರು ಮಾಡಿದರು. ತಂಬಿಗೆಯ ನೀರು ಅವರ ಕಾಲ ಮೇಲೆಯೇ ಚೆಲ್ಲಿತು. "ಒಳಗ ಬಾರವ್ವ, ಬಿಸಲಾಗ ಯಾಕ ನಿಂತಿ? ಈರಪ್ಪಾ, ಎತ್ತ ಬಿಚ್ಚಬ್ಯಾಡ. ಹಂಗ ಚಚಡಿಗಿ ಹೊಡಿ. ಪಾಪ, ತಪ್ಪಿಲ್ಲದ ಜೀವದ ಮ್ಯಾಲ ಅಪವಾದ ಹೊರಸಿದ್ವಿ."

ನನ್ನ ಅವ್ವ ಹೊಸ್ತಿಲಲ್ಲೇ ಕುಸಿದು ಕೂತಳು. ಅತ್ತೆ ಆಕೆಯ ಕೈ ಹಿಡಿದು ಎಬ್ಬಿಸಿ, "ಏಳ್ರಿ ಬೀಗರ, ಚಾ ಕುಡೀರಿ," ಎಂದರು. ಅಷ್ಟೇ. ಆ ವಿಷಯ ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಇನ್ನೊಂದು ಬಾಕಿ ಇತ್ತು. ದೊಡ್ಡ ಕುಬಸಕ್ಕೆ ಕರೆದ ದಿನ ಹತ್ತಿರ ಬಂದಿತ್ತು. ಅತ್ತೆ ಬೇಡವೆಂದು ಯಾರಿಗೂ ಹೇಳಿ ಕಳಿಸಿರಲಿಲ್ಲ. ಆ ದಿನ ಬೆಳಿಗ್ಗೆ ಹೋಳಿಗೆಗೆ ಕಡಲೆಬೇಳೆ ಬೇಯಲು ಇಟ್ಟದ್ದು ನೋಡಿ ನನಗೆ ನಾಚಿಕೆಯಿಂದ ಸಾಯುವಂತಾಯಿತು. ಹೆಂಗಸರು ಬಂದರು, ಪಿಸುಪಿಸು ಎನ್ನುತ್ತಾ ಜಮಖಾನೆಯ ಮೇಲೆ ಕೂತರು. ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಖಣ ತಂದರು. ಹಿರಿಯ ಹೆಂಗಸೊಬ್ಬಳು ಬಾಯಿ ಬಿಟ್ಟೇ ಕೇಳಿದಳು.

"ನೀಲವ್ವ, ಕೂಸಿಲ್ಲದ ಹೊಟ್ಟಿಗಿ ಎಂಥಾ ಕುಬಸ?"

"ನನ್ನ ಮಗಳು ಹೋಗಿ ತಿರುಗಿ ಹುಟ್ಟಿ ಬಂದಾಳ," ಎಂದರು ಅತ್ತೆ. "ಈ ಕುಬಸ ಇಕಿದ. ತುಂಬೋರು ಉಡಿ ತುಂಬ್ರಿ. ಇಲ್ಲಾಂದ್ರ ಹೋಳಿಗಿ ಉಂಡ ಹೋಗ್ರಿ."

ಮೊದಲು ಎದ್ದವಳು ದ್ಯಾಮವ್ವ. ಆಮೇಲೆ ಒಬ್ಬೊಬ್ಬರೇ ಎದ್ದರು. ಹೊಲಿಗೆಯ ಗಾಯದ ಮೇಲೆ ಭಾರ ಬೀಳಬಾರದೆಂದು ಅತ್ತೆ ನನ್ನ ಸೆರಗಿನ ಕೆಳಗೆ ತಮ್ಮ ಎರಡೂ ಕೈ ಒಡ್ಡಿ ಹಿಡಿದಿದ್ದರು. ಉಡಿಗೆ ಬಿದ್ದ ಅಕ್ಕಿಯ ಭಾರವೆಲ್ಲ ಅವರ ಕೈ ಮೇಲೆಯೇ ಬಿತ್ತು.

ಮುಂದೆ ಮಕ್ಕಳಾದವೇ ಎಂದು ಎಲ್ಲರೂ ಕೇಳುತ್ತಾರೆ. ಆಗಲಿಲ್ಲ. ಈರಪ್ಪನ ಮಕ್ಕಳು ನನ್ನ ತೊಡೆಯ ಮೇಲೆ ಬೆಳೆದರು, ನನ್ನನ್ನು ದೊಡ್ಡವ್ವ ಎನ್ನುತ್ತಾರೆ. ಆ ಮನೆಗೆ ನನ್ನ ಬದಲು ಇನ್ನೊಬ್ಬಳು ಬರಲಿಲ್ಲ, ಆ ಮಾತೂ ಬರಲಿಲ್ಲ.

ಮೋತಿಯನ್ನು ಅತ್ತೆ ಬೈಲಹೊಂಗಲದ ದನದ ದವಾಖಾನೆಗೆ ಕರೆದೊಯ್ದು ಹುಳುವಿನ ಔಷಧ ಕುಡಿಸಿಕೊಂಡು ಬಂದರು. ನಾಯಿಗೆ ದವಾಖಾನೆಯೇ ಎಂದು ಊರು ನಕ್ಕಿತು. ಆಮೇಲೆ ನಕ್ಕವರೇ ತಮ್ಮ ನಾಯಿಗಳನ್ನು ಕಟ್ಟಿಕೊಂಡು ಹೋದರು. ಮೋತಿಗೆ ಅಂಗಳದಲ್ಲಿ ಬೇರೆ ಮಣ್ಣಿನ ತಟ್ಟೆ ಬಂತು. ಕುರಿ ಕೂಡಿಸಿದ ದಿನಗಳಲ್ಲಿ ಅವನನ್ನು ಕಟ್ಟಿ ಹಾಕುತ್ತಿದ್ದೆವು. ಮೊದಲ ರೊಟ್ಟಿ ಮಾತ್ರ ಅವನದೇ ಉಳಿಯಿತು. ಅದನ್ನು ಹಾಕಿ ಒಳಗೆ ಬರುವಷ್ಟರಲ್ಲಿ ಅತ್ತೆಯ ಧ್ವನಿ ಮನೆಯ ಯಾವ ಮೂಲೆಯಿಂದಾದರೂ ಬರುತ್ತಿತ್ತು, "ಕೈ ತೊಳಕೊಂಡಿಯೇನ?" ನನಗೆ, ಮಗನಿಗೆ, ಮೊಮ್ಮಕ್ಕಳಿಗೆ, ಬಂದ ಬೀಗರಿಗೆ, ಒಮ್ಮೆ ಊರಿನ ಸ್ವಾಮಿಗಳಿಗೂ. ಓಣಿಯ ಹುಡುಗರು ಅವರನ್ನು ಕಂಡರೆ ದೂರದಿಂದಲೇ ಕೈ ಎತ್ತಿ ತೋರಿಸುತ್ತಿದ್ದರು.

ಓಣಿಯ ಆ ಸೊಸೆಗೆ ನಾನು ಹೇಳುವುದು ಇಷ್ಟೇ. ತಂಗಿ, ಗಡ್ಡೆ ಹೋಗುತ್ತದೆ. ಹೊಟ್ಟೆಯ ಮೇಲೆ ಒಂದು ಗೆರೆ ಉಳಿಯುತ್ತದೆ, ನನ್ನದು ಬೇಕಾದರೆ ಬಂದು ನೋಡು. ನಿನ್ನ ಮಾವನಿಗೆ ಹೇಳು, ನಾಯಿಯನ್ನು ತಿರುಗಿ ಕರೆಯಲಿ.

ಅತ್ತೆ ಕೊನೆಗಾಲದಲ್ಲಿ ಹಾಸಿಗೆ ಹಿಡಿದರು. ಯಾರ ಗುರುತೂ ಸಿಗುತ್ತಿರಲಿಲ್ಲ, ನನ್ನದೂ ಸಿಗುತ್ತಿರಲಿಲ್ಲ. ನಾನು ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತರೆ ಆ ಒಂದು ಮಾತು ಮಾತ್ರ ಬರುತ್ತಿತ್ತು.

"ಕೈ ತೊಳಕೊಂಡಿಯೇನ?"

"ತೊಳಕೊಂಡೇನ್ರಿ ಅತ್ತಿ," ಎಂದು ತೋಯ್ದ ಕೈಯನ್ನು ಅವರ ಗಲ್ಲಕ್ಕೆ ಮುಟ್ಟಿಸುತ್ತಿದ್ದೆ. ಆಗಲೇ ಅವರು ಬಾಯಿ ತೆರೆಯುತ್ತಿದ್ದರು.